ಬೂದಿಹಕ್ಕಿಯ ನೇರಳೆ ಚುಕ್ಕೆ

ಸಸ್ಯತೋಟದ ಟಿಕೆಟ್ ಸಾಲಿನಲ್ಲಿ ನಮ್ಮ ಮುಂದೆ ನಿಂತಿದ್ದ ಹೆಂಗಸು ಗಂಡನಿಗೆ ಎಲ್ಲವನ್ನೂ ವಿವರಿಸುತ್ತಿದ್ದಳು. ಬೂದಿಹಕ್ಕಿ ಎಂಬ ಅಪರೂಪದ ಆರ್ಕಿಡ್ ಹೂವನ್ನು ಒಳಗೆ ಕೆಲಸ ಮಾಡುವ ಯಾರೋ ಔಷಧಿ ಹೊಡೆದು ಸಾಯಿಸಿಬಿಟ್ಟಳಂತೆ. ಇಂಥವರಿಗೆ ಕೆಲಸ ಕೊಟ್ಟವರನ್ನು ಅನ್ನಬೇಕಂತೆ.

ನಾನು ಅತ್ತಿಗೆಯ ಮುಖ ನೋಡಿದೆ. ಆ 'ಯಾರೋ' ಅವರ ಒಡಹುಟ್ಟಿದ ತಂಗಿ. ಅತ್ತಿಗೆ, ಪೊಲೀಸ್ ಇಲಾಖೆಯಲ್ಲಿ ಎಂಥೆಂಥ ಕಳ್ಳರ ಬಾಯಿ ಬಿಡಿಸಿದವರು, ನಿವೃತ್ತರಾದ ಮೇಲೂ ಪತ್ತೇದಾರಿಕೆ ಬಿಡಲಾರದೆ ಗಂಡನ ತಮ್ಮನಾದ ನನ್ನನ್ನು ಗಾಡಿ ಓಡಿಸಲು ಇಟ್ಟುಕೊಂಡವರು, ಈಗ ಕೈಚೀಲದ ಜಿಪ್ಪನ್ನು ಸುಮ್ಮನೆ ಎಳೆಯುವುದು, ಮುಚ್ಚುವುದು ಮಾಡುತ್ತಿದ್ದರು.

ಗುರುವಾರ ಅರಳಿದ ಹೂವು ಶನಿವಾರ ಬೆಳಿಗ್ಗೆ ಮುದುಡಿ ಜೋತುಬಿದ್ದಿತ್ತು. ನಡುವೆ ಶುಕ್ರವಾರ ಸಂಜೆ ಪಕ್ಕದ ಕುಂಡಗಳಿಗೆ ಬೂಷ್ಟಿನ ಔಷಧಿ ಸಿಂಪಡಿಸಿದವಳು ಗಾಜಿನ ಮನೆಯ ಮೇಲ್ವಿಚಾರಕಿ, ನಮ್ಮ ಪುಟ್ಟಕ್ಕ. ಇವತ್ತು ಮಧ್ಯಾಹ್ನದ ಸಭೆಯಲ್ಲಿ ಅವಳ ಕೆಲಸ ಹೋಗುವುದಿತ್ತು.

ಒಳಗೆ ಜನವೋ ಜನ. ಹೂವು ಎಂದರೆ ನನಗೆ ಮದುವೆ ಗಾಡಿಗೆ ಅಂಟಿಸುವ ವಸ್ತು, ಮರುದಿನ ವೈಪರಿನ ಸಂದಿಯಿಂದ ಕೀಳಬೇಕಾದ ಕಸ. ಆದರೂ ನಿಂತು ನೋಡುವ ಹಾಗಾಯಿತು. ಕೊಳದ ತುಂಬ ಒಂದೊಂದೂ ದೊಡ್ಡ ತಟ್ಟೆಯಷ್ಟಿದ್ದ ನೈದಿಲೆ ಎಲೆಗಳು. ಕಮಾನಿನಿಂದ ತೂಗುಬಿದ್ದ ಬಳ್ಳಿಯಲ್ಲಿ ನೀಲಿಯೂ ಅಲ್ಲದ, ಹಸಿರೂ ಅಲ್ಲದ ಹೂಗೊಂಚಲು. ಒಂದು ಮೂಲೆಯಲ್ಲಿ ಕಪ್ಪು ಹೂವು, ಅದಕ್ಕೆ ಉದ್ದುದ್ದ ಮೀಸೆ. ಅದರ ಮುಂದೆ ಒಬ್ಬ ಅಜ್ಜಿ ನಿಂತು ಇದು ಥೇಟ್ ನಮ್ಮ ಯಜಮಾನರ ಹಾಗೇ ಇದೆ ಎಂದು ಮೊಮ್ಮಕ್ಕಳನ್ನು ನಗಿಸುತ್ತಿದ್ದರು.

ಅತ್ತಿಗೆ ಯಾವುದನ್ನೂ ನೋಡಲಿಲ್ಲ.

ಗಾಜಿನ ಮನೆಯ ಬಾಗಿಲು ತೆರೆದಾಗ ಬೆಚ್ಚನೆಯ ಗಾಳಿಯ ಜೊತೆ ಹಸಿ ಪಾಚಿಯ ವಾಸನೆ ಮುಖಕ್ಕೆ ಬಡಿಯಿತು. ಈ ವಾಸನೆ ನನ್ನ ಮೂಗಿಗೆ ಎಲ್ಲಿಯೋ ಪರಿಚಯ ಎನಿಸಿತು. ಎಲ್ಲಿ ಎಂದು ಹೊಳೆಯಲಿಲ್ಲ, ಬಿಟ್ಟುಬಿಟ್ಟೆ.

ಪುಟ್ಟಕ್ಕ ಹಿಂಬದಿಯ ತೊಟ್ಟಿಯಲ್ಲಿ ಖಾಲಿ ಕುಂಡಗಳನ್ನು ಉಜ್ಜುತ್ತಿದ್ದಳು. ಮೊದಲೇ ತೊಳೆದಿದ್ದವನ್ನೇ ಮತ್ತೆ ತೊಳೆಯುತ್ತಿದ್ದಳು. ಆ ಹೂವಿನ ಗಿಡವನ್ನು ತೋಟದ ನಿರ್ದೇಶಕರು ಗಾಜಿನ ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿದ್ದರು. ಹೊರಗಿನ ತಜ್ಞರು ಬರುವ ತನಕ ಯಾರೂ, ಅದರಲ್ಲೂ ಪುಟ್ಟಕ್ಕ, ಅದರ ಹತ್ತಿರ ಸುಳಿಯಕೂಡದು.

"ನಾನೇ ಕೊಂದೆ ಅಕ್ಕ," ಎಂದಳು ತಲೆಯೆತ್ತದೆ. "ನೀನು ಕಳ್ಳರನ್ನ ಹುಡುಕಬೇಡ. ಔಷಧಿ ಹೊಡೆದ ಕೈ ನಂದೇ."

ಅತ್ತಿಗೆಗೆ ಸಿಟ್ಟು ಬಂತು. ಯಾರೋ ತಲೆಯ ಮೇಲೆ ಗೂಬೆ ಕೂರಿಸಿದರೆ ಅದಕ್ಕೆ ತಾನೇ ಗೂಡು ಕಟ್ಟಿಕೊಡುವ ಬುದ್ಧಿ ಇವಳಿಗೆ ಚಿಕ್ಕಂದಿನಿಂದಲೂ ಇದೆ ಎಂದು ಬೈದರು. ಔಷಧಿ ಹೊಡೆದಾಗ ಹೂವಿಗೆ ಏನು ಹೊದಿಸಿದ್ದೆ, ಅದು ಸರಿದಿತ್ತೇ, ಗಾಳಿ ಯಾವ ಕಡೆಗಿತ್ತು ಎಂದು ಸಾಲಾಗಿ ಕೇಳಿದರು. ಪ್ಲಾಸ್ಟಿಕ್ ಹೊದಿಸಿದ್ದಳು, ಸರಿದಿರಲಿಲ್ಲ, ಕಿಟಕಿಗಳು ಮುಚ್ಚಿದ್ದವು. ಆದರೂ ತಪ್ಪು ತನ್ನದೇ ಎನ್ನುವುದರಿಂದ ಅವಳು ಕದಲಲಿಲ್ಲ.

ಆಮೇಲೆ ನನ್ನ ಕಡೆ ತಿರುಗಿ ಕೇಳಿದಳು, "ಅಪ್ಪನಿಗೆ ಯಾರೂ ಹೇಳಿಲ್ಲ ತಾನೇ?"

ಹೇಳಿಲ್ಲ ಎಂದೆ. ಅವರಪ್ಪನನ್ನು ನಾನೂ ಮಾವ ಎಂದೇ ಕರೆಯುವುದು. ಪುಟ್ಟಕ್ಕನಿಗಿಂತ ಮೊದಲು ಈ ಗಾಜಿನ ಮನೆಯನ್ನು ಆಳಿದವರು ಅವರೇ. ಈಗ ನಮ್ಮ ಜೊತೆ, ಮಾಳಿಗೆಯ ಮೇಲಿನ ರೂಮಿನಲ್ಲಿ ಇದ್ದಾರೆ. ಆ ರೂಮಿಗೆ ಯಾರನ್ನೂ ಬಿಟ್ಟುಕೊಳ್ಳುವುದಿಲ್ಲ, ಕಸ ಗುಡಿಸಲೂ ಬಿಡುವುದಿಲ್ಲ. ಎದೆ ಸರಿಯಿಲ್ಲದ ಮುದುಕರಿಗೆ ಈ ಸುದ್ದಿ ಮುಟ್ಟಬಾರದೆಂದು ಅತ್ತಿಗೆ ಕಟ್ಟಪ್ಪಣೆ ಮಾಡಿದ್ದರು. ಅಣ್ಣ ಎರಡು ದಿನದಿಂದ ಪೇಪರನ್ನು ಅಕ್ಕಿ ಡಬ್ಬದಲ್ಲಿ ಬಚ್ಚಿಡುತ್ತಿದ್ದ.

ಮಾವ ಗಟ್ಟಿಮುಟ್ಟಾಗಿದ್ದಾರೆ, ಗುರುವಾರ ಸಂಜೆ ನಾನೇ ಅವರನ್ನು ಕ್ಷೌರಕ್ಕೆ ಕರೆತಂದಿದ್ದೆ ಎಂದು ಸಮಾಧಾನ ಹೇಳಿದೆ. ಅವರಿಗೆ ಈ ತೋಟದ ಹಿಂದಿನ ಗೇಟಿನ ಎದುರಿಗಿರುವ ಅಂಗಡಿಯೇ ಆಗಬೇಕು. ನಾನು ಪೆಟ್ರೋಲ್ ಹಾಕಿಸಿಕೊಂಡು ಬರುವಷ್ಟರಲ್ಲಿ ಮುಗಿಸಿಕೊಂಡು ನಿಂತಿದ್ದರು. ಕೂದಲು ಮಾತ್ರ ಇದ್ದ ಹಾಗೇ ಇತ್ತು. ಆ ಕ್ಷೌರಿಕ ಬರೀ ಬಾಯಲ್ಲೇ ಕತ್ತರಿ ಆಡಿಸಿದನೇನೋ ಎಂದು ನಾನು ರೇಗಿಸಿದ್ದೆ.

ಪುಟ್ಟಕ್ಕ ನಗಲಿಲ್ಲ. ಅತ್ತಿಗೆ ಆಗಲೇ ಮುಂದಿನ ಕೋಣೆಯ ಕಡೆ ಹೆಜ್ಜೆ ಹಾಕಿದ್ದರು.

ಆ ಕೋಣೆ ಚಿತ್ರಕಾರರದು. ತೋಟದಲ್ಲಿ ಅಪರೂಪದ್ದು ಏನೇ ಅರಳಲಿ, ಅದರ ಚಿತ್ರ ಬರೆದಿಡುವುದು ಅವರ ಉದ್ಯೋಗ. ಬೂದಿಹಕ್ಕಿಯ ಎದುರು ಗುರುವಾರ, ಶುಕ್ರವಾರ ಎರಡೂ ದಿನ ಬೆಳಿಗ್ಗೆಯಿಂದ ಕೂತಿದ್ದವರು ಅವರೊಬ್ಬರೇ. ಗೋಡೆಯ ತುಂಬ ಹೂವುಗಳು. ಕಿಟಕಿಯ ಪಕ್ಕ ನಿರ್ದೇಶಕರು ನಿಂತಿದ್ದರು. ಮೇಲ್ವಿಚಾರಕಿಯ ಅಕ್ಕ ಎಂದು ಒಳಗೆ ಬಿಟ್ಟಿದ್ದೇ ಹೆಚ್ಚು ಎನ್ನುವ ಮುಖ ಮಾಡಿಕೊಂಡು ಗಡಿಯಾರ ನೋಡಿದರು.

ಅತ್ತಿಗೆ ಎರಡೂ ದಿನದ ಚಿತ್ರಗಳನ್ನು ಕೇಳಿ ಪಡೆದು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟುಕೊಂಡರು.

ಹೂವನ್ನು ನಾನು ನೋಡಿದ್ದು ಆಗಲೇ. ಒಲೆಯ ಬೂದಿಯ ಬಣ್ಣದ ಎರಡು ದಳಗಳು, ಕೂತ ಹಕ್ಕಿ ಇನ್ನೇನು ಹಾರಬೇಕೆಂದು ರೆಕ್ಕೆ ಬಿಚ್ಚಿದ ಹಾಗೆ. ಅಂಚಿನಲ್ಲಿ ಮಾತ್ರ ಬೆಳ್ಳಗೆ ಹೊಳಪು. ಇಂಥದ್ದು ಹೋಯಿತಲ್ಲ ಎಂದು ನನಗೇ ಸಂಕಟವಾಯಿತು.

ಅತ್ತಿಗೆ ಬಹಳ ಹೊತ್ತು ಬಗ್ಗಿ ನೋಡಿದರು. ಆಮೇಲೆ ಶುಕ್ರವಾರದ ಚಿತ್ರದಲ್ಲಿ ಹೂವಿನ ನಟ್ಟನಡುವಿನ ಗುಳಿಯ ಮೇಲೆ ಬೆರಳು ತೋರಿಸಿದರು. ಅಲ್ಲಿ ಎಳ್ಳಿನಷ್ಟು ದೊಡ್ಡದಾದ ಎರಡು ನೇರಳೆ ಚುಕ್ಕೆಗಳಿದ್ದವು. ಗುರುವಾರದ ಚಿತ್ರದಲ್ಲಿ ಅದೇ ಗುಳಿ ಬರಿದಾಗಿ, ಅಂಟು ಹಚ್ಚಿದಂತೆ ಮಿನುಗುತ್ತಿತ್ತು.

"ಇದನ್ನ ಚಂದಕ್ಕೆ ಅಂತ ಹಾಕಿದ್ದಾ?"

ಚಿತ್ರಕಾರರ ಮುಖ ಕೆಂಪಾಯಿತು. ತಮ್ಮ ಜೀವಮಾನದಲ್ಲಿ ಎಲೆಗೆ ಬಿದ್ದ ಹುಳುಕಿನ ತೂತನ್ನೂ ಬಿಟ್ಟು ಬರೆದವರಲ್ಲ, ಇಲ್ಲದ ಒಂದು ಗೆರೆಯನ್ನೂ ಸೇರಿಸಿದವರಲ್ಲ ಎಂದರು. ಚಂದ ಬೇಕಾದವರು ಕ್ಯಾಲೆಂಡರ್ ಕೊಂಡುಕೊಳ್ಳಲಿ ಎಂದೂ ಸೇರಿಸಿದರು.

"ಹಾಗಾದ್ರೆ ಶುಕ್ರವಾರ ನೀವು ಬಂದು ಕೂತಾಗ ಇದು ಹೂವಿನಲ್ಲಿತ್ತು."

ಅತ್ತಿಗೆ ಬೆರಳನ್ನು ಪಕ್ಕದ ಚಿತ್ರಕ್ಕೆ ಸರಿಸಿದರು.

"ಗುರುವಾರ ಇರಲಿಲ್ಲ."

ಚಿತ್ರಕಾರರು ಮೆಲ್ಲಗೆ ಸ್ಟೂಲಿನ ಮೇಲೆ ಕೂತರು. ತಮ್ಮ ಕೈಯೇ ತಮ್ಮನ್ನು ಹಿಡಿದುಕೊಟ್ಟಿತೆಂದು ಅವರಿಗೆ ಗೊತ್ತಾಗಿತ್ತು. ಕಂಡದ್ದನ್ನು ಬಾಯಲ್ಲಿ ಮುಚ್ಚಿಡಬಹುದಿತ್ತು, ಕಾಗದದ ಮೇಲೆ ಮುಚ್ಚಿಡಲು ಅವರಿಗೆ ಬರುತ್ತಿರಲಿಲ್ಲ.

"ಪರಾಗ," ಎಂದರು. "ಯಾರೋ ಪರಾಗ ಮುಟ್ಟಿಸಿದ್ರು. ಹೇಳಿದ್ರೆ ಬಾಗಿಲು ಹಾಕ್ತಿದ್ರು, ವಿಚಾರಣೆ ಅಂತಿದ್ರು. ನನಗೆ ಮುಗಿಸೋಕೆ ಇನ್ನೊಂದು ದಿನ ಬೇಕಿತ್ತು."

"ಆಮೇಲೆ? ನನ್ನ ತಂಗಿ ಮೇಲೆ ಹಾಕಿದಾಗ?"

"ಆಮೇಲೆ ಹೇಳೋ ಧೈರ್ಯ ಬರಲಿಲ್ಲ."

"ಯಾರಿಗೆ ಹೆದರಿದ್ರಿ?"

ಚಿತ್ರಕಾರರು ಕಿಟಕಿಯ ಕಡೆ ಒಮ್ಮೆ ನೋಡಿ ಕಣ್ಣು ತಗ್ಗಿಸಿದರು. ಒಂದು ಚಿತ್ರಕ್ಕಾಗಿ ಒಬ್ಬಳ ಹೊಟ್ಟೆಯ ಮೇಲೆ ಹೊಡೆಯಲು ಹೊರಟಿದ್ದ ಈ ಮನುಷ್ಯನನ್ನು ಹಿಡಿದು ಅಲುಗಾಡಿಸಬೇಕೆಂದು ನನ್ನ ಕೈ ತುರಿಸುತ್ತಿತ್ತು.

ಅಷ್ಟರಲ್ಲಿ ಬಾಗಿಲಲ್ಲಿ ಸದ್ದಾಯಿತು. ಪುಟ್ಟಕ್ಕ ಒದ್ದೆ ಕೈಯಲ್ಲೇ ಬಂದು ನಿಂತಿದ್ದಳು. ಯಾರನ್ನೂ ಕೇಳದೆ ಚಿತ್ರದ ಮೇಲೆ ಬಗ್ಗಿದಳು. ನೋಡಿದವಳೇ ಒಂದು ಬೆರಳನ್ನು ಆ ಚುಕ್ಕೆಗಳ ಪಕ್ಕಕ್ಕೆ ತಂದು ನಿಲ್ಲಿಸಿದಳು.

ನಮಗೆ ಅರ್ಥವಾಗಲಿ ಎಂದು ತಡೆದು ತಡೆದು ಹೇಳಿದಳು. ಈ ಜಾತಿಯ ಹೂವಿಗೆ ಪರಾಗ ಕೂಡಿದರೆ ಅದರ ಕೆಲಸ ಮುಗಿಯಿತು, ಒಂದೆರಡು ದಿನಕ್ಕೇ ದಳ ಮಡಚಿಕೊಳ್ಳುತ್ತದೆ. ಸತ್ತ ಹಾಗೇ ಕಾಣುತ್ತದೆ. ಸತ್ತಿದ್ದರೆ ಹೂವಿನ ಹಿಂದಿನ ತೊಟ್ಟು ಒಣಗಿರಬೇಕು, ಕೂಡಿದ್ದರೆ ಆ ತೊಟ್ಟು ಊದಿರಬೇಕು. ಈ ಗಿಡಕ್ಕೆ ಪರಾಗ ತರಲು ಜೋಡಿಯೇ ಇಲ್ಲದ್ದರಿಂದ ಅಂಥದ್ದೊಂದು ಯೋಚನೆಯೇ ಅವಳಿಗೆ ಬಂದಿರಲಿಲ್ಲ. ಬಂದರೂ ಹತ್ತಿರ ಹೋಗಿ ನೋಡಲು ಬಿಟ್ಟವರು ಯಾರು?

ನಿರ್ದೇಶಕರು ತಜ್ಞರು, ನಿಯಮ ಎಂದು ರಾಗ ಎಳೆದರು. ಅತ್ತಿಗೆ ಅವರೆದುರು ಸುಮ್ಮನೆ ಕೈ ಚಾಚಿದರು. ಆ ಚಾಚಿದ ಕೈಗೆ ಕೀಲಿ ಕೊಡದವರನ್ನು ನಾನು ಇನ್ನೂ ನೋಡಿಲ್ಲ.

ಗಾಜಿನ ಪೆಟ್ಟಿಗೆಯ ಬೀಗ ತೆಗೆದಾಗ ನಾವೆಲ್ಲ ಒಟ್ಟಿಗೆ ಬಗ್ಗಿದೆವು. ಪುಟ್ಟಕ್ಕ ಜೋತುಬಿದ್ದ ಬೂದು ದಳಗಳನ್ನು ಒಂದು ಬೆರಳಿನಿಂದ ಮೇಲೆತ್ತಿದಳು. ಹಿಂದಿನ ತೊಟ್ಟು ಹಚ್ಚಹಸಿರಾಗಿ, ಎಳೆ ಬೆಂಡೆಕಾಯಿಯ ಹಾಗೆ ಮೈ ತುಂಬಿಕೊಂಡಿತ್ತು.

"ಸತ್ತಿಲ್ಲ ಅಕ್ಕ," ಎಂದಳು. "ಬಸುರಿ ಇದು."

ಆಮೇಲೆ ಅತ್ತಳೋ ನಕ್ಕಳೋ ಹೇಳುವುದು ಕಷ್ಟ. ಅತ್ತಿಗೆ ಅಲ್ಲೇ ಬೋರಲು ಹಾಕಿದ್ದ ಕುಂಡದ ಮೇಲೆ ಕೂತು, ತಂಗಿಯ ಒದ್ದೆ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ನನಗಂತೂ ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ಮದುವೆ ಗಾಡಿಯ ಹೂವುಗಳನ್ನು ಇನ್ನು ಮೇಲೆ ಕಸವೆನ್ನಬಾರದು ಎಂದುಕೊಂಡೆ.

ನಿರ್ದೇಶಕರು ಕೆಮ್ಮಿದರು. ಮಧ್ಯಾಹ್ನದ ಸಭೆಯ ಅಗತ್ಯವಿಲ್ಲ ಎಂದರು. ಕ್ಷಮೆ ಕೇಳುವಷ್ಟು ದೊಡ್ಡ ಮನಸ್ಸು ಅವರಿಗಿರಲಿಲ್ಲ, ಆದರೆ ಆ ಮಾತೇ ನಮಗೆ ಸಾಕಿತ್ತು.

ಪುಟ್ಟಕ್ಕ ಕಣ್ಣೊರೆಸಿಕೊಂಡು ಭೂತಗನ್ನಡಿ ತೆಗೆದಳು. ಹೂವಿನ ಸ್ವಂತ ಪರಾಗ, ಅದೂ ನೇರಳೆಯೇ, ಸಣ್ಣ ಟೋಪಿಯಂಥ ಮುಚ್ಚಳದ ಕೆಳಗೆ, ಯಾರೂ ಮುಟ್ಟದೆ ಹಾಗೇ ಕೂತಿತ್ತು. ಗುಳಿಯಲ್ಲಿದ್ದ ನೇರಳೆ ಉಂಡೆಗಳು ಬೇರೆಲ್ಲಿಂದಲೋ ಬಂದವು. ಬೇರೆ ಯಾವ ಆರ್ಕಿಡ್ಡಿನ ಪರಾಗಕ್ಕೂ ಈ ಬಣ್ಣ ಇಲ್ಲವೆಂದು ಅವಳು ಖಚಿತವಾಗಿ ಹೇಳಿದಳು.

ಅಂದರೆ ಇನ್ನೊಂದು ಬೂದಿಹಕ್ಕಿ ಇದೆ. ಎಲ್ಲೋ ಬದುಕಿದೆ, ಇದೇ ವಾರ ಅರಳಿದೆ.

ತೋಟಕ್ಕೆ ಬಂದಿದ್ದು ಎರಡೇ ಗಿಡ. ಒಂದು ಇದು. ಇನ್ನೊಂದು ಇಪ್ಪತ್ತು ವರ್ಷದ ಹಿಂದೆ ಹಳೆಯ ಮರದ ಶೆಡ್ಡಿಗೆ ಬೆಂಕಿ ಬಿದ್ದಾಗ ಸುಟ್ಟುಹೋಯಿತೆಂದು ಎಲ್ಲರಿಗೂ ಗೊತ್ತಿತ್ತು. ಆಗ ನಿರ್ದೇಶಕರು ಇಲ್ಲಿ ಕಿರಿಯ ಸಹಾಯಕ, ಚಿತ್ರಕಾರರು ಆಗಷ್ಟೇ ಸೇರಿದವರು.

ನಮ್ಮ ಹಿಂದೆಯೇ ಬಂದಿದ್ದ ಚಿತ್ರಕಾರರ ಕೈಯಲ್ಲಿದ್ದ ಬಣ್ಣದ ಬಟ್ಟಲು ನೆಲಕ್ಕೆ ಬಿತ್ತು. ನಿರ್ದೇಶಕರ ಮುಖ ಮೊದಲು ಹುಳ್ಳಗಾಯಿತು, ಸಿಟ್ಟು ಆಮೇಲೆ ಬಂತು. ಹಾಗಾದರೆ ಆ ಬೆಂಕಿಯ ಮರೆಯಲ್ಲಿ ಗಿಡ ಕಳುವಾಗಿದೆ, ಅದು ತೋಟದ ಸೊತ್ತು, ಕದ್ದವನು ಎಷ್ಟೇ ದೊಡ್ಡವನಿರಲಿ ಜೈಲಿಗೆ ಕಳಿಸುತ್ತೇನೆ ಎಂದರು. ಅಷ್ಟಕ್ಕೇ ನಿಲ್ಲದೆ, ಇಷ್ಟು ಚುರುಕಿರುವ ತಾವೇ ಅವನನ್ನು ಹಿಡಿದುಕೊಡಬೇಕೆಂದು ಅತ್ತಿಗೆಗೇ ಒಪ್ಪಿಸಿದರು.

ಅತ್ತಿಗೆ ಖುಷಿಯಲ್ಲಿದ್ದರು. "ಖಂಡಿತ ಹಿಡೀತೀನಿ," ಎಂದರು.

ಆ ಮಾತು ಬಾಯಿಂದ ಬಿದ್ದ ಮೇಲೆಯೇ ಪುಟ್ಟಕ್ಕ ಕುಂಡದ ಪಾಚಿಯನ್ನು ಸರಿಪಡಿಸಲು ಹೋಗಿ ಕೈ ನಿಲ್ಲಿಸಿದ್ದು. ಹೂವಿನ ದಂಟಿನ ಬುಡದಲ್ಲಿ, ಪಾಚಿಯೊಳಗೆ ಅರ್ಧ ಮುಚ್ಚಿಹೋದಂತೆ ಒಂದು ಕೆಂಪು ಉಣ್ಣೆಯ ದಾರ ಕಟ್ಟಿತ್ತು. ಪರಾಗ ಮುಟ್ಟಿಸಿದವರು ಗುರುತಿಗೊಂದು ದಾರ ಕಟ್ಟುವುದು ಗಾಜಿನ ಮನೆಯವರ ವಾಡಿಕೆ. ಕದ್ದು ಬಂದವನೂ ಕಟ್ಟಿ ಹೋಗಿದ್ದ. ವರ್ಷಗಟ್ಟಲೆ ಮಾಡಿದ ಕೆಲಸವನ್ನು ಕೈ ತಾನಾಗಿಯೇ ಮಾಡಿಬಿಡುತ್ತದೆ.

ಪುಟ್ಟಕ್ಕ ಆ ಗಂಟನ್ನು ನೋಡುತ್ತಲೇ ಇದ್ದಳು. ಎರಡು ಸುತ್ತು, ಒಂದು ಸಡಿಲ ಕುಣಿಕೆ. ದಂಟು ದಪ್ಪವಾದ ಹಾಗೆ ತಾನೂ ಸಡಿಲವಾಗಿ ಜಾಗ ಬಿಡುವ ಗಂಟು. ಅಕ್ಕತಂಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅತ್ತಿಗೆ ಬಗ್ಗಿ, ಕುಣಿಕೆ ಎಳೆದು, ದಾರವನ್ನು ಮುಷ್ಟಿಯೊಳಗೆ ಮುಚ್ಚಿಕೊಂಡರು.

ಏನದು ಎಂದು ನಿರ್ದೇಶಕರು ಕೇಳಿದರು.

"ಏನಿಲ್ಲ. ಒಣಗಿದ ಬೇರು."

ಅತ್ತಿಗೆ ಸಾಕ್ಷಿಯೊಂದನ್ನು ಮುಚ್ಚಿಟ್ಟಿದ್ದನ್ನು, ಸುಳ್ಳು ಹೇಳಿದ್ದನ್ನು ನಾನು ಈ ಕಣ್ಣಲ್ಲಿ ನೋಡಿದೆ. ಅದನ್ನು ಅರಗಿಸಿಕೊಳ್ಳಲು ನನಗೆ ಹೊರಗಿನ ಕೊಳದ ತನಕ ನಡೆಯಬೇಕಾಯಿತು.

ಅಲ್ಲಿ ಪುಟ್ಟಕ್ಕ ಹೇಳಿದಳು. ಆ ಗಂಟಿನ ಹೆಸರು ಬಸುರಿ ಗಂಟು. ಹೆಸರಿಟ್ಟವರೂ, ಕಟ್ಟುತ್ತಿದ್ದವರೂ ಒಬ್ಬರೇ. ಚಿಕ್ಕಂದಿನಲ್ಲಿ ಇಬ್ಬರು ಹೆಣ್ಣುಮಕ್ಕಳಿಗೂ ಜಡೆಯ ರಿಬ್ಬನ್ನಿನ ಮೇಲೆ ಅದನ್ನು ಹೇಳಿಕೊಟ್ಟವರು.

ಆಗ ನನಗೆ ಪಾಚಿಯ ವಾಸನೆ ಎಲ್ಲಿಯದೆಂದು ಹೊಳೆಯಿತು. ನಮ್ಮ ಮಾಳಿಗೆಯ ಮೆಟ್ಟಿಲು ಹತ್ತುವಾಗಲೆಲ್ಲ ಮೂಗಿಗೆ ಬಡಿಯುವ ವಾಸನೆ ಅದು. ಕತ್ತರಿ ತಾಗದ ಕೂದಲೂ ನೆನಪಾಯಿತು.

"ಅತ್ತಿಗೆ," ಎಂದೆ. "ಗುರುವಾರ ಮಾವನನ್ನ ಹಿಂದಿನ ಗೇಟಿನ ಹತ್ತಿರ ಇಳಿಸಿದ್ದು ನಾನೇ."

ಬೈಗುಳಕ್ಕೆ ತಯಾರಾಗಿದ್ದೆ. ಅತ್ತಿಗೆ ನನ್ನನ್ನು ನೋಡಿದರು, ತಂಗಿಯನ್ನು ನೋಡಿದರು, ಇದ್ದಕ್ಕಿದ್ದ ಹಾಗೆ ನಗತೊಡಗಿದರು. ಆ ಹಿಂದಿನ ಗೇಟಿನ ಅಗುಳಿಯನ್ನು ಹಾಕಿಸಿದವರೇ ಅಪ್ಪ, ಅದನ್ನು ಹೊರಗಿನಿಂದ ಹೇಗೆ ಎತ್ತುವುದೆಂದು ಅವರಿಗೆ ಗೊತ್ತಿಲ್ಲವೇ ಎಂದರು. ಎರಡು ಗಿಡವೂ ಒಂದೇ ವಾರ ಅರಳಿದರೆ ಅಪ್ಪನ ಕೈ ಸುಮ್ಮನಿರುತ್ತದೆಯೇ ಎಂದರು. ಹೊಟ್ಟೆ ಹಿಡಿದುಕೊಂಡು ನಕ್ಕರು.

ಪುಟ್ಟಕ್ಕನೂ ನಗುತ್ತಿದ್ದಳು. "ಅಪ್ಪನಿಗೆ ಹೇಳಬೇಡಿ, ಹೇಳಬೇಡಿ ಅಂತ ಎಲ್ಲರ ಬಾಯಿಗೂ ಬೀಗ ಹಾಕಿದ್ವಿ. ಹೇಳಿದ್ರೆ ನಿನ್ನೆನೇ ಎಲ್ಲ ಮುಗೀತಿತ್ತು."

ನಿಜ. ಒಂದೇ ಮಾತಿನಲ್ಲಿ ಅವಳನ್ನು ಉಳಿಸಬಹುದಾಗಿದ್ದ ಮನುಷ್ಯನಿಗೆ ನಾವೆಲ್ಲ ಸೇರಿ ಸುದ್ದಿ ಮುಟ್ಟದಂತೆ ಕಾವಲು ಕಾದಿದ್ದೆವು. ಪ್ರೀತಿ ಹೆಚ್ಚಾದ ಮನೆಗಳಲ್ಲಿ ಇಂಥ ಪೆದ್ದುತನ ನಡೆಯುತ್ತಲೇ ಇರುತ್ತದೆ.

ನಗು ನಿಂತ ಮೇಲೆ ಮೂವರಿಗೂ ಒಂದೇ ಯೋಚನೆ ಬಂತು. ಮಗಳ ಕೆಲಸ ಉಳಿಯಿತು. ಆದರೆ ತೋಟದ ಗಿಡ ಅಪ್ಪನ ರೂಮಿನಲ್ಲಿದೆ, ಕಳ್ಳನನ್ನು ಹಿಡಿದುಕೊಡುವ ಮಾತು ಕೊಟ್ಟವರು ದೊಡ್ಡ ಮಗಳು. ಅತ್ತಿಗೆ ಗಾಡಿ ತೆಗೆಯಲು ಹೇಳಿದರು. ನಿರ್ದೇಶಕರಿಗೆ ವಾಸನೆ ಹತ್ತುವ ಮೊದಲು ಮನೆ ಸೇರಬೇಕಿತ್ತು.

ಗೇಟಿನ ತನಕ ಹೋಗುವ ಪ್ರಮೇಯ ಬರಲಿಲ್ಲ.

ಟಿಕೆಟ್ ಕಿಟಕಿಯ ಮುಂದೆ, ಅಷ್ಟುದ್ದದ ಸಾಲಿನ ತುದಿಯಲ್ಲಿ ಮಾವ ನಿಂತಿದ್ದರು. ಕೂದಲು ನೀಟಾಗಿ ಕತ್ತರಿಸಿತ್ತು. ಈ ಸಲ ಕ್ಷೌರ ನಿಜವಾಗಿ ಆಗಿತ್ತು, ಅದರ ಜೊತೆ ಸುದ್ದಿಯೂ ಕಿವಿಗೆ ಬಿದ್ದಿತ್ತು. ತಾವೇ ಆಳಿದ ತೋಟಕ್ಕೆ ಎಲ್ಲರಂತೆ ಟಿಕೆಟ್ ಕೊಂಡು, ಮನೆಗೆ ಹೋಗಿ ತಂದಿದ್ದ, ಟವೆಲ್ ಹೊದಿಸಿದ ಕುಂಡವೊಂದನ್ನು ಎದೆಗೆ ಅವುಚಿಕೊಂಡು ಒಳಗೆ ಬಂದರು.

ಪುಟ್ಟಕ್ಕನನ್ನು ಕಂಡು ಅವರ ಮುಖ ಅರಳಿತು. "ನೀನು ಕೊಂದಿಲ್ಲ ಪುಟ್ಟಿ. ಅದನ್ನ ಹೇಳೋಕೇ ಬಂದೆ."

"ಗೊತ್ತಾಯ್ತು ಅಪ್ಪ," ಎಂದಳು ಅವಳು. "ನೀವು ಮನೆಗೆ ನಡೀರಿ, ಬೇಗ."

ತಡವಾಗಿತ್ತು. ಜನ ಸುತ್ತುಗಟ್ಟಿದ್ದರು. ಟವೆಲ್ ಒಂದು ಕಡೆ ಜಾರಿ, ಬೂದಿ ಬಣ್ಣದ ಒಂದು ರೆಕ್ಕೆ ಬಿಸಿಲಿಗೆ ಹೊಳೆಯಿತು. ನಮ್ಮ ಬೆನ್ನ ಹಿಂದೆ ನಿರ್ದೇಶಕರ ದನಿ ಕೇಳಿತು. ಇದು ಕದ್ದ ಮಾಲು, ಪೊಲೀಸರನ್ನು ಕರೆಯಿರಿ ಎನ್ನುತ್ತಿದ್ದರು. ಅತ್ತಿಗೆ ದಾರವಿದ್ದ ಮುಷ್ಟಿಯನ್ನು ಇನ್ನಷ್ಟು ಬಿಗಿ ಮಾಡಿ ಅಪ್ಪನಿಗೆ ಅಡ್ಡ ನಿಂತರು.

ಮಾವ ಮಗಳನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು. ಅವರಿಗೆ ಹೆದರಿಕೆ ಇದ್ದಂತೆ ಕಾಣಲಿಲ್ಲ. ಬಹಳ ದಿನದ ಭಾರ ಇಳಿಸಿದವರ ಹಾಗೆ ಹಗುರವಾಗಿ ನಿಂತಿದ್ದರು.

"ನಾನು ಕದ್ದಿಲ್ಲ," ಎಂದರು ನನ್ನ ಹೆಗಲ ಮೇಲಿಂದ ಹಿಂದೆ ನೋಡುತ್ತ. "ಬೆಂಕಿ ಬೀಳೋ ಮುಂಚೆ ಇದನ್ನ ನನ್ನ ಕೈಗಿಟ್ಟು, ಇವತ್ತು ಶೆಡ್ಡಿನಲ್ಲಿ ಇರಬೇಡಿ, ಹೊರಟುಹೋಗಿ ಅಂದೋರು ಇಲ್ಲೇ ನಿಂತಿದಾರೆ. ಇನ್ನು ನಾನು ಅವರನ್ನ ಕಾಯಲ್ಲ."

ನಾನು ತಿರುಗಿ ನೋಡಿದೆ. ಹಿಂದೆ ನಿರ್ದೇಶಕರಿದ್ದರು, ಅವರ ಪಕ್ಕದಲ್ಲಿ ಚಿತ್ರಕಾರರು. ಇಬ್ಬರೂ ಮಾವನ ಕಡೆ ನೋಡುತ್ತಿರಲಿಲ್ಲ. ಒಬ್ಬರನ್ನೊಬ್ಬರು ನೋಡುತ್ತಿದ್ದರು. ಆ ಬೆಂಕಿ ತಾನಾಗಿ ಬಿದ್ದದ್ದಲ್ಲ, ಅದು ಇಬ್ಬರಿಗೂ ಗೊತ್ತಿತ್ತು ಎಂದು ಆ ನೋಟವೇ ಹೇಳುತ್ತಿತ್ತು.